ಗಂಟು ನುಂಗಿದ ಗೇಣು

ಸುಣ್ಣದಕ್ಕನಿಗೆ ಆ ಹೆಸರನ್ನು ಕೊಟ್ಟದ್ದು ಅವಳ ಕೈಗಳು. ಫುಟ್ಬಾಲ್ ಮೈದಾನಕ್ಕೆ ಗೆರೆ ಹಾಕುವ ಕೆಲಸ ಅವಳದು. ಈಗ ಗೆರೆಗೆ ಯಾರೂ ಸುಣ್ಣ ಬಳಸುವುದಿಲ್ಲ, ಡಬ್ಬದಲ್ಲಿ ಬರುವ ಬಿಳಿ ಬಣ್ಣವನ್ನು ನೀರಿನಲ್ಲಿ ಕದಡಿಕೊಳ್ಳುತ್ತಾರೆ. ಆದರೂ ಮೊಣಕೈವರೆಗೆ ಬೆಳ್ಳಗಾದ ಆ ಕೈಗಳನ್ನು ನೋಡಿ ಊರು ಅವಳನ್ನು ಹಾಗೆಯೇ ಕರೆಯುತ್ತ ಬಂದಿದೆ. ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದಾಗ ಲೆಕ್ಕದಲ್ಲಿ ಅವಳು ಅಂಥ ಜಾಣೆಯೇನಲ್ಲ. ಆದರೆ ಉತ್ತರ ತಪ್ಪೆಂದು ಗೊತ್ತಾದ ಮೇಲೆ ಅದು ಸರಿಯಾಗುವವರೆಗೆ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಕೊನೆಯ ಗಂಟೆ ಹೊಡೆದು, ಜವಾನ ಬೀಗದ ಕೈ ಹಿಡಿದು ಬಾಗಿಲಲ್ಲಿ ಕೆಮ್ಮುತ್ತ ನಿಂತರೂ ಏಳುತ್ತಿರಲಿಲ್ಲ.

ಅವಳಿಗಿಂತ ಮೊದಲು ಆ ಮೈದಾನವನ್ನು ನೋಡಿಕೊಂಡವರು ಅವಳ ಅಪ್ಪ. ಎಂಟು ವರ್ಷದ ಕೆಳಗೆ ಮಂಡಿ ಕೈಕೊಟ್ಟಾಗ ಅವರು ಮಗಳಿಗೆ ಒಪ್ಪಿಸಿದ್ದು ಮೂರು ವಸ್ತುಗಳನ್ನು: ಹುಲ್ಲು ಒತ್ತುವ ಕಬ್ಬಿಣದ ರೋಲರು, ಗೆರೆ ಎಳೆಯುವ ಗಾಡಿ ಮತ್ತು ಒಂದು ಹಗ್ಗ. ಗೋಲಿನ ಮುಂದಿನ ದೊಡ್ಡ ಚೌಕದ ಮೂಲೆಗಳಿಗೆ ಅಳತೆ ಬೇಕಿರಲಿಲ್ಲ; ಅಲ್ಲಿ ನೆಲದೊಳಗೆ ಕಬ್ಬಿಣದ ಗೂಟಗಳನ್ನು ಹೂತಿದ್ದರು. ಆದರೆ ಪೆನಾಲ್ಟಿ ಚುಕ್ಕೆಯ ಜಾಗದಲ್ಲಿ, ಅಂದರೆ ಗೋಲು ಕಾಯುವವನೊಬ್ಬನನ್ನೇ ಎದುರಿಟ್ಟು ಚೆಂಡು ಒದೆಯುವ ಜಾಗದಲ್ಲಿ, ಗೂಟ ಹೂಳುವಂತಿಲ್ಲ. ಅಲ್ಲಿ ಹುಲ್ಲು ಕಿತ್ತುಹೋಗುತ್ತದೆ, ವರ್ಷಕ್ಕೊಮ್ಮೆ ಅಗೆದು ಹೊಸದು ಹಾಸಬೇಕು. ಅದಕ್ಕಾಗಿಯೇ ಆ ಹಗ್ಗ. ಒಂದು ತುದಿಯನ್ನು ಗೋಲು ಗೆರೆಯ ನಡುವಿಗೆ ಹಿಡಿದು ಎಳೆದರೆ, ಇನ್ನೊಂದು ತುದಿ ಬಿದ್ದಲ್ಲಿ ಚುಕ್ಕೆ. ಹನ್ನೊಂದು ಮೀಟರ್. ಅಪ್ಪ ಅದನ್ನು ಹನ್ನೊಂದರ ಹಗ್ಗ ಎನ್ನುತ್ತಿದ್ದರು. ಅದರ ನಡುವೆ ಮುಷ್ಟಿ ಗಾತ್ರದ ಒಂದು ಗಂಟು ಇತ್ತು. ಹನ್ನೆರಡು ವರ್ಷದ ಕೆಳಗೆ ಹಗ್ಗ ರೋಲರಿಗೆ ಸಿಕ್ಕಿ ತುಂಡಾದಾಗ ಹಾಕಿದ್ದು.

ಹಲವು ದೇಶಗಳ ಕ್ಲಬ್ಬುಗಳು ಆಡುವ ದೊಡ್ಡ ಪಂದ್ಯಾವಳಿಯಲ್ಲಿ ನಮ್ಮ ಊರಿನ ಕ್ಲಬ್ಬು ಆ ವರ್ಷ ನಾಕೌಟ್ ಸುತ್ತಿಗೆ ಬಂದಿತ್ತು. ಹದಿನಾರು ತಂಡಗಳಲ್ಲಿ ನಮ್ಮದೇ ಚಿಕ್ಕದು. ಒಂದೊಂದು ಜೋಡಿಗೂ ಎರಡು ಪಂದ್ಯ, ಒಂದು ಅವರ ನೆಲದಲ್ಲಿ, ಒಂದು ನಮ್ಮ ನೆಲದಲ್ಲಿ. ಎರಡರ ಗೋಲುಗಳನ್ನು ಕೂಡಿದಾಗ ಕಡಿಮೆ ಬಂದವರು ಮನೆಗೆ. ಅವರ ನೆಲದಲ್ಲಿ ಒಂದು ಗೋಲಿನಿಂದ ಸೋತು ಬಂದಿದ್ದೆವು. ಕೊನೆಯ ಹತ್ತು ನಿಮಿಷವಿದ್ದಾಗ ಸಿಕ್ಕ ಪೆನಾಲ್ಟಿಯನ್ನು ನಮ್ಮ ನಾಯಕ ಕಂಬದ ಮೇಲಿನಿಂದ ಆಕಾಶಕ್ಕೆ ಒದ್ದಿದ್ದ. ನಮ್ಮ ಮೈದಾನದಲ್ಲಿ ಒಂಬತ್ತು ವರ್ಷದಿಂದ ಒಂದೇ ಒಂದು ಪೆನಾಲ್ಟಿ ತಪ್ಪಿಸದವನು, ಹೊರಗೆ ಹೋದರೆ ಹೀಗೆ. ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ ಅವನಿಗೆ "ಮನೆ ಹುಲಿ" ಎಂಬ ಹೆಸರು ಬಿದ್ದಿತ್ತು.

ಹಿಂದಿನ ಸುತ್ತುಗಳಲ್ಲಿ ನಮ್ಮ ಪಾಲಿನ ಪಂದ್ಯಗಳು ನಾಲ್ಕು ಗಂಟೆ ದೂರದ ನಗರದಲ್ಲಿ ನಡೆದಿದ್ದವು. ಈ ಸಲ ನಮ್ಮ ಮೈದಾನದಲ್ಲೇ ಆಡಲು ಒಪ್ಪಿಗೆ ಸಿಕ್ಕಿತ್ತು, ಒಂದು ಷರತ್ತಿನ ಮೇಲೆ: ಮಂಗಳವಾರ ಪರಿಶೀಲನೆಗೆ ಬರುತ್ತಾರೆ, ಮೈದಾನ ಸರಿಯಿದ್ದರೆ ಗುರುವಾರ ಮಧ್ಯಾಹ್ನ ಪಂದ್ಯ. ಇಲ್ಲದಿದ್ದರೆ ಮತ್ತೆ ಆ ನಗರಕ್ಕೇ. ಜೊತೆಗೆ ಒಂಬತ್ತು ಪುಟದ ನಮೂನೆ ಬಂದಿತ್ತು. ಎಲ್ಲ ಅಳತೆಯನ್ನೂ ಉಕ್ಕಿನ ಟೇಪಿನಿಂದ ತೆಗೆದು ಬರೆಯಬೇಕು.

ಶುಕ್ರವಾರ ಬೆಳಿಗ್ಗೆ ನಾನು ಎಂದಿನಂತೆ ಮೈದಾನದ ಸುತ್ತ ನಡೆಯುತ್ತಿದ್ದೆ.

"ಮೇಷ್ಟ್ರೇ, ಬನ್ನಿ ಇಲ್ಲಿ. ಸುಮ್ನೆ ಸುತ್ತೋ ಬದ್ಲು ಸೊನ್ನೆ ಕಡೆ ಹಿಡ್ಕೊಳ್ಳಿ."

ಬಡಗಿಯಿಂದ ತಂದ ಟೇಪಿನ ಸೊನ್ನೆಯನ್ನು ಗೋಲು ಗೆರೆಗೆ ಒತ್ತಿ ಕುಳಿತೆ. ಅವಳು ಚುಕ್ಕೆಯವರೆಗೆ ಎಳೆದುಕೊಂಡು ಹೋಗಿ ಬಗ್ಗಿದಳು. ಬಗ್ಗಿದವಳು ಏಳಲೇ ಇಲ್ಲ.

"ಸರಿಯಾಗಿ ಹಿಡಿದಿದ್ದೀರಾ?"

"ಇಷ್ಟು ವರ್ಷ ಸೊನ್ನೆ ಕೊಟ್ಟವನಿಗೆ ಸೊನ್ನೆ ಹಿಡಿಯೋಕೆ ಬರಲ್ವೇನಮ್ಮ?"

ಅವಳು ನಗಲಿಲ್ಲ. ಹತ್ತು ಮೀಟರ್ ಎಪ್ಪತ್ತೆಂಟು ಸೆಂಟಿಮೀಟರ್. ಟೇಪು ಕೆಟ್ಟಿದೆ ಎಂದು ಬಡಗಿಯ ಇನ್ನೊಂದು ಟೇಪು ತಂದಳು. ಅದೂ ಅಷ್ಟೇ ಹೇಳಿತು. ಕೊನೆಗೆ ಎದುರು ಬೀದಿಯ ದರ್ಜಿಯ ಕೊರಳಿಂದ ಟೇಪು ಎಳೆದು ತಂದು, ಎಂಟು ಸಲ ತುದಿಗೆ ತುದಿ ಹಾಸಿ ಅಳೆದಳು. ಆಚೆ ಗೋಲಿನ ಮುಂದೆಯೂ ಹಾಗೆಯೇ. ಎರಡು ಕಡೆಯೂ ಒಂದು ಗೇಣು ಕಡಿಮೆ.

ಆಗ ನನಗೂ ಮುಖ ಬಿಸಿಯಾಯಿತು. ಹತ್ತು ವರ್ಷದ ಹಿಂದೆ, ಮೀಟರು ಎಂದರೆ ಎಷ್ಟೆಂದು ಮಕ್ಕಳಿಗೆ ಕಣ್ಣಾರೆ ತೋರಿಸಬೇಕೆಂದು, ಆ ಹಗ್ಗವನ್ನೇ ಎರವಲು ತಂದು ಶಾಲೆಯ ಅಂಗಳದಲ್ಲಿ ಹಾಸಿದ್ದೆ. "ನೋಡಿ ಮಕ್ಕಳೇ, ಇದು ಹನ್ನೊಂದು ಮೀಟರ್, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ" ಎಂದು ಹೇಳಿದ್ದು ಇಂದಿಗೂ ನೆನಪಿದೆ. ಅಂದು ಕಲಿತವರಲ್ಲಿ ಇಬ್ಬರು ಇಂದು ಮನೆ ಕಟ್ಟಿಸುವ ಗುತ್ತಿಗೆದಾರರು.

ಸುಣ್ಣದಕ್ಕ ಹಗ್ಗದ ಗಂಟನ್ನು ಅಂಗೈಯಲ್ಲಿಟ್ಟು ನೋಡುತ್ತ ನಿಂತಳು. ತುಂಡಾದ ಎರಡು ತುದಿಗಳನ್ನು ಒಂದರ ಮೇಲೊಂದು ತಂದು ಬಿಗಿದಾಗ ಗಂಟಿನೊಳಗೆ ಎಷ್ಟು ಹಗ್ಗ ಹೋಯಿತೋ ಅಷ್ಟು ಅಳತೆಯೂ ಹೋಗಿತ್ತು. ಅಪ್ಪ ಆಮೇಲೆ ಅಳೆದು ಸರಿಮಾಡಿರಬೇಕೆಂದು ಅವಳು ನಂಬಿದ್ದಳು. ಎಂಟು ವರ್ಷ ಆ ಗಂಟನ್ನು ದಿನವೂ ಮುಟ್ಟಿದ್ದಳು, ಒಮ್ಮೆಯೂ ಕೇಳಿರಲಿಲ್ಲ.

ಕ್ಲಬ್ಬಿನ ಕಾರ್ಯದರ್ಶಿಗಳು ವಿಷಯ ಕೇಳಿದವರೇ ಕೊಠಡಿಯ ಬಾಗಿಲು ಮುಂದೆ ಮಾಡಿದರು.

"ಮೆಲ್ಲಗೆ ಮಾತಾಡು ತಾಯಿ. ಬರೋರು ಹುಲ್ಲು ನೋಡ್ತಾರೆ, ಗೋಲು ಕಂಬ ಅಲ್ಲಾಡಿಸಿ ನೋಡ್ತಾರೆ. ಚುಕ್ಕೆ ಯಾರು ಅಳೀತಾರೆ? ಹನ್ನೊಂದು ಅಂತ ಬರೆದುಬಿಡು."

"ಇಲ್ಲದ್ದನ್ನ ಹೇಗೆ ಬರೀಲಿ?"

"ನಮ್ಮ ಹುಡುಗರಿಗೆ ಆ ಚುಕ್ಕೆ ಕೈಹಿಡಿದಿದೆ. ಪಂದ್ಯಕ್ಕೆ ಆರು ದಿನ ಇಟ್ಕೊಂಡು ಈಗ ಜರುಗಿಸ್ತೀಯಾ? ಸೋತ್ರೆ ಊರು ಯಾರನ್ನ ಬಯ್ಯತ್ತೆ ಗೊತ್ತಾ?"

"ನನ್ನನ್ನೇ ಬಯ್ಲಿ, ಇಲ್ಲೇ ಇರ್ತೀನಲ್ಲ. ಬೇರೆ ದೇಶದಿಂದ ಬಂದವ್ರು ನಮ್ಮನ್ನ ನಂಬಿ ಈ ಚುಕ್ಕೆ ಮೇಲೆ ಚೆಂಡು ಇಡ್ತಾರೆ, ಸಾರ್. ಅವ್ರಿಗೆ ಗೊತ್ತಿಲ್ಲದ ಒಂದು ಗೇಣು ನನ್ನ ಮೈದಾನದಲ್ಲಿ ಇರಬಾರ್ದು."

ಅವರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಅವಳು ಬಾಗಿಲು ತೆರೆದುಕೊಂಡು ಬಂದಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. "ಇವ್ರನ್ನ ಒಪ್ಪಿಸಬಹುದು ಮೇಷ್ಟ್ರೇ. ಅಪ್ಪನಿಗೆ ಏನಂತ ಹೇಳ್ಲಿ?"

ನಾನೂ ಜೊತೆಗೆ ಹೋದೆ. ಮನೆಯಲ್ಲಿ ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ರೇಡಿಯೊ ಬಿಚ್ಚಿಕೊಂಡು ಕುಳಿತಿದ್ದರು. ಅವಳು ನಿಂತಲ್ಲಿಯೇ ಹೇಳಿ ಮುಗಿಸಿದಳು. ಅವರು ತಿರುಪುಳಿಯನ್ನು ಮೇಜಿನ ಮೇಲೆ ಇಟ್ಟರು.

"ನಲವತ್ತು ವರ್ಷ ನನ್ನ ಗೆರೆ ಮೇಲೆ ಯಾರೂ ಬೆರಳಿಟ್ಟಿಲ್ಲ. ನನ್ನ ಹಗ್ಗ ಸುಳ್ಳು, ಅಂಗಡಿ ಟೇಪು ಸತ್ಯ, ಅಲ್ವಾ?"

"ಮೂರು ಟೇಪಲ್ಲಿ ನೋಡಿದೆ ಅಪ್ಪ."

"ಮೂವತ್ತರಲ್ಲಿ ನೋಡು."

"ಆ ಗಂಟು ಹಾಕಿದ್ಮೇಲೆ ನೀವು ಅಳೆದ್ರಾ?"

ಅಪ್ಪ ರೇಡಿಯೊದ ಹೊಟ್ಟೆಯೊಳಗೆ ಮುಖ ಹುದುಗಿಸಿದರು. ಆ ದಿನದಿಂದ ಮಗಳು ಬಡಿಸಿದ ತಟ್ಟೆಯನ್ನು ಎತ್ತಿಕೊಂಡು ಕಿಟಕಿಯ ಬಳಿ ಹೋಗಿ, ಬೆನ್ನು ಹಾಕಿ ಊಟ ಮಾಡತೊಡಗಿದರು.

ಶನಿವಾರ ಅವಳು ಹಳೆಯ ಚುಕ್ಕೆಗಳನ್ನು ಅಗೆದಳು. ಒಂದು ವರ್ಷದ ಒದೆತಕ್ಕೆ ಅಲ್ಲಿ ತಟ್ಟೆಯಂಥ ತಗ್ಗು ಬಿದ್ದಿತ್ತು. ಗೋಲಿನ ಹಿಂದಿನಿಂದ ಹುಲ್ಲಿನ ಹೆಂಟೆಗಳನ್ನು ಬೇರು ಸಮೇತ ಚೌಕವಾಗಿ ಕೊಯ್ದು ತಂದು ಕೂರಿಸಿ, ಸಂದುಗಳಿಗೆ ಮರಳು ತುಂಬಿ, ಮೇಲೆ ಹಲಗೆ ಹಾಕಿ ತಾನೇ ಹತ್ತಿ ನಿಂತು ತುಳಿದಳು. ದಿನಕ್ಕೆ ಮೂರು ಹೊತ್ತು ನೀರು. ಟೇಪು ತೋರಿಸಿದಲ್ಲಿ, ಗೋಲಿನಿಂದ ಇನ್ನೊಂದು ಗೇಣು ದೂರಕ್ಕೆ, ಹೊಸ ಚುಕ್ಕೆಯನ್ನು ಇಟ್ಟಳು. ಆಮೇಲೆ ನಾಯಕನಿಗೆ ಹೇಳಿಕಳುಹಿಸಿದಳು.

ಅವನು ಬಂದು ಕೇಳಿ, ಬಹಳ ಹೊತ್ತು ಆ ಎರಡು ಜಾಗಗಳನ್ನು ನೋಡಿದ. ಅವನ ಪದ್ಧತಿ ಹೀಗೆ: ಚೌಕದ ಗೆರೆಗೆ ಹಿಮ್ಮಡಿ ಊರಿ ನಿಂತು, ಎಣಿಸಿದ ಹೆಜ್ಜೆ ಇಟ್ಟು ಒದೆಯುವುದು. ನಮ್ಮಲ್ಲಿ ಗೆರೆಗೂ ಚುಕ್ಕೆಗೂ ನಡುವೆ ಒಂದು ಗೇಣು ಹೆಚ್ಚಿಗೆ ಇರುತ್ತಿತ್ತು. ಬೇರೆ ಕಡೆ ಅದಿಲ್ಲದೆ ಕೊನೆಯ ಹೆಜ್ಜೆ ಇಕ್ಕಟ್ಟಾಗಿ, ಮೈ ಹಿಂದಕ್ಕೆ ವಾಲಿ, ಚೆಂಡು ಮೇಲೇಳುತ್ತಿತ್ತು.

"ಅಂದ್ರೆ ಅಕ್ಕ, ನಾನು ಹೆದರುಪುಕ್ಕ ಅಲ್ವಾ?"

"ಅದು ನಂಗೊತ್ತಿಲ್ಲ. ನಿನ್ನ ಹೆಜ್ಜೆ ಲೆಕ್ಕ ಮಾತ್ರ ತಪ್ಪು. ಅದಕ್ಕೆ ನಾವೇ ಕಾರಣ. ಈಗ ಗೆರೆ ಬಿಟ್ಟು ಒಂದು ಗೇಣು ಹಿಂದೆ ನಿಂತು ಒದಿ."

ಹೇಳಿದಷ್ಟು ಸುಲಭವಿರಲಿಲ್ಲ. ಭಾನುವಾರ ಇಪ್ಪತ್ತು ಒದ್ದರೆ ಹನ್ನೊಂದು ಮೇಲೆ ಹೋದವು. ಕಾಲು ತಾನಾಗಿಯೇ ಗೆರೆಯನ್ನು ಹುಡುಕುತ್ತಿತ್ತು. ಸೋಮವಾರ ಅವನು ಬೇಡಿಕೊಂಡ.

"ಅಕ್ಕ, ನಿಲ್ಲೋ ಜಾಗದಲ್ಲಿ ಸಾಸಿವೆಯಷ್ಟು ಒಂದು ಬಿಳಿ ಚುಕ್ಕೆ ಇಟ್ಕೊಡು. ಯಾರಿಗೂ ಕಾಣಲ್ಲ."

"ನಿಯಮದಲ್ಲಿಲ್ಲದ ಚುಕ್ಕೆ ಇಲ್ಲಿ ಬೀಳಲ್ಲ. ಒಂದನ್ನ ಸರಿಮಾಡೋಕೆ ಹೋಗಿ ನನ್ನ ಸೊಂಟ ಮುರಿದಿದೆ. ಒದಿ, ಒದಿ. ಮಾತಾಡಿದ್ರೆ ಚೆಂಡು ಒಳಗೆ ಹೋಗಲ್ಲ."

ಅವನು ಒದೆಯುತ್ತಿದ್ದ, ಅವಳು ಗೋಲಿನ ಹಿಂದೆ ನಿಂತು ಚೆಂಡು ಹೆಕ್ಕಿ ಎಸೆಯುತ್ತಿದ್ದಳು. ಸೋಮವಾರ ಸಂಜೆಯ ಹೊತ್ತಿಗೆ ಇಪ್ಪತ್ತರಲ್ಲಿ ನಾಲ್ಕು ಮಾತ್ರ ಮೇಲೆ ಹೋದವು. ಆ ಸಂಜೆ ತಂತಿ ಬೇಲಿಯ ಆಚೆ, ಊರುಗೋಲಿನ ಮೇಲೆ ಎರಡೂ ಕೈಯಿಟ್ಟುಕೊಂಡು ಅಪ್ಪ ನಿಂತಿದ್ದನ್ನು ನಾನು ಕಂಡೆ. ನಾನು ಕೈ ಎತ್ತುವಷ್ಟರಲ್ಲಿ ತಿರುಗಿ ನಡೆದರು.

ಮಂಗಳವಾರ ಬಂದ ಪರಿಶೀಲಕರು ರಬ್ಬರ್ ಬೂಟು ಹಾಕಿದ, ಮಾತು ಕಡಿಮೆಯ ಹೆಂಗಸು. ಹುಲ್ಲಿನ ಕಡೆಗೂ ಹೋಗಲಿಲ್ಲ, ಕಂಬದ ಕಡೆಗೂ ಹೋಗಲಿಲ್ಲ. ಚೀಲದಿಂದ ಟೇಪು ತೆಗೆದು ನೇರವಾಗಿ ಗೋಲು ಗೆರೆಗೆ ಹೋದರು. ಕಾರ್ಯದರ್ಶಿಗಳು ನನ್ನ ತೋಳು ಹಿಡಿದ ಗುರುತು ಎರಡು ದಿನ ಹೋಗಲಿಲ್ಲ. ಆಕೆ ಚುಕ್ಕೆಯ ಬಳಿ ಬಗ್ಗಿ, ಪಕ್ಕದ ಹೊಸ ಹುಲ್ಲನ್ನು ಬೆರಳಿನಿಂದ ಒತ್ತಿ ನೋಡಿದರು.

"ಇಲ್ಲಿ ಏನಿತ್ತು?"

"ಹಳೇ ಚುಕ್ಕೆ. ಒಂದು ಗೇಣು ತಪ್ಪಿತ್ತು. ಶುಕ್ರವಾರ ಗೊತ್ತಾಯ್ತು, ಶನಿವಾರ ಸರಿಮಾಡಿದೆ," ಎಂದಳು ಸುಣ್ಣದಕ್ಕ.

ಆಕೆ ಟೇಪು ಸುತ್ತಿಕೊಂಡು, "ಹುಲ್ಲು ಚೆನ್ನಾಗಿ ಕೂತಿದೆ," ಎಂದು ನಮೂನೆಗೆ ಸಹಿ ಹಾಕಿದರು.

ಗುರುವಾರ ಮಧ್ಯಾಹ್ನ ಊರಿಗೆ ಊರೇ ಮೈದಾನದಲ್ಲಿತ್ತು. ಅಪ್ಪ ಯಾರನ್ನೂ ಕೇಳದೆ ಬಂದು ಉಪಕರಣದ ಕೊಠಡಿಯ ಮುಂದೆ, ತಮ್ಮ ಹಳೆಯ ರೋಲರಿನ ಮೇಲೆ ಕುಳಿತಿದ್ದರು. ಅರವತ್ತನೆಯ ನಿಮಿಷದಲ್ಲಿ ನಮ್ಮವರು ಒಂದು ಗೋಲು ಹೊಡೆದರು. ಎರಡೂ ಪಂದ್ಯ ಕೂಡಿ ಒಂದಕ್ಕೊಂದು, ಸಮ. ಹೆಚ್ಚಿನ ಅರ್ಧ ಗಂಟೆಯಲ್ಲೂ ತೀರ್ಮಾನವಾಗದೆ, ಕೊನೆಗೆ ಐದೈದು ಪೆನಾಲ್ಟಿಗೆ ಬಂದು ನಿಂತಿತು. ಎಲ್ಲವೂ ಆ ಚುಕ್ಕೆಯ ಮೇಲೆಯೇ.

ಮೊದಲು ಹೋದವನು ನಾಯಕ. ಅಭ್ಯಾಸಬಲದಿಂದ ಗೆರೆಯ ಮೇಲೆ ಹಿಮ್ಮಡಿ ಇಟ್ಟ. ಗೋಲಿನ ಹಿಂದೆ ಸುಣ್ಣದಕ್ಕ ಬಕೆಟ್ಟು ಹಿಡಿದು ನಿಂತಿದ್ದಳು. ಅವನು ತಲೆಯೆತ್ತಿ ಅವಳನ್ನು ನೋಡಿದ, ಪಾದವನ್ನು ಎತ್ತಿ ಒಂದು ಗೇಣು ಹಿಂದಕ್ಕೆ ಇಟ್ಟ. ಚೆಂಡು ಮೇಲಿನ ಕಂಬದ ಒಳಬದಿಗೆ ತಗುಲಿ ಕೆಳಗೆ ಬಿದ್ದು ಬಲೆಗೆ ಸೇರಿತು. ಅಂದವಾದ ಗೋಲಲ್ಲ. ಆದರೆ ಗೋಲು.

ನಾವು ಗೆದ್ದೆವೆಂದು ಬರೆಯುವ ಆಸೆ ನನಗೂ ಇದೆ. ನಮ್ಮ ನಾಲ್ಕನೆಯವನ ಚೆಂಡು ಪಕ್ಕದ ಕಂಬಕ್ಕೆ ಬಡಿದು ಹೊರಗೆ ಹೋಯಿತು. ಅವರು ಐದೂ ಹೊಡೆದರು. ನಮ್ಮ ಪಂದ್ಯಾವಳಿ ಅಲ್ಲಿಗೆ ಮುಗಿಯಿತು.

ಜನ ಕರಗುತ್ತಿದ್ದಾಗ ಕಾರ್ಯದರ್ಶಿಗಳು ಒಡೆದ ದನಿಯಲ್ಲಿ, "ಹಳೇ ಜಾಗದಲ್ಲೇ ಇದ್ದಿದ್ರೆ..." ಎಂದರು.

"ಹಳೇ ಜಾಗದಲ್ಲೇ ಇದ್ದಿದ್ರೆ ಈ ಪಂದ್ಯ ಇಲ್ಲಿ ಆಗ್ತಾನೇ ಇರ್ಲಿಲ್ಲ, ಸಾರ್. ಪರಿಶೀಲನೆಗೆ ಬಂದವ್ರು ಮೊದಲು ಅಳೆದಿದ್ದು ಏನನ್ನ ಅಂತ ನೀವೇ ನೋಡಿದ್ರಲ್ಲ," ಎಂದ ನಾಯಕ. ಅವನ ಕಣ್ಣು ಕೆಂಪಾಗಿತ್ತು, ತಲೆ ಮಾತ್ರ ತಗ್ಗಿರಲಿಲ್ಲ. "ಮುಂದಿನ ವರ್ಷ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ. ಒದೀತೀನಿ."

ಸುಣ್ಣದಕ್ಕ ಆಗಲೇ ಮಂಡಿಯೂರಿ, ಚುಕ್ಕೆಯ ಸುತ್ತ ಕಿತ್ತ ಹುಲ್ಲನ್ನು ಒತ್ತಿ ಕೂರಿಸುತ್ತಿದ್ದಳು. ಭಾನುವಾರ ಇನ್ನೊಂದು ಪಂದ್ಯವಿತ್ತು. ಕೆಲಸ ಮುಗಿದು ಅವಳೂ ನಾನೂ ಉಪಕರಣದ ಕೊಠಡಿಗೆ ಬಂದಾಗ ಅಪ್ಪ ಗೋಡೆಯ ಗೂಟದಿಂದ ಹನ್ನೊಂದರ ಹಗ್ಗವನ್ನು ಇಳಿಸಿ ತೊಡೆಯ ಮೇಲೆ ಹಾಕಿಕೊಂಡಿದ್ದರು. ಗಂಟನ್ನು ಉಗುರಿನಿಂದ, ಆಮೇಲೆ ಮೊಳೆಯಿಂದ, ಆಮೇಲೆ ಹಲ್ಲಿನಿಂದ ಬಿಡಿಸುತ್ತಿದ್ದರು. ಅವಳು ಸಹಾಯಕ್ಕೆ ಕೈ ಚಾಚಿದರೆ ಬೇಡವೆಂದು ತಲೆಯಾಡಿಸಿದರು. ಬಹಳ ಹೊತ್ತು ಹಿಡಿಯಿತು.

ಗಂಟು ಬಿಚ್ಚಿತು. ಹನ್ನೆರಡು ವರ್ಷದ ಮಣ್ಣು ಕುಡಿದು ಕಪ್ಪಾಗಿದ್ದ ಹಗ್ಗದಲ್ಲಿ, ಗಂಟಿನೊಳಗಿದ್ದ ಎರಡು ತುದಿಗಳು ಮಾತ್ರ ಹೊಸದರಂತೆ ಬೆಳ್ಳಗಿದ್ದವು. ಅಪ್ಪ ಅವೆರಡನ್ನೂ ತುದಿಗೆ ತುದಿ ತಾಗಿಸಿ ರೋಲರಿನ ಮೇಲಿಟ್ಟು, ಬೆಳ್ಳಗಿದ್ದಷ್ಟರ ಮೇಲೆ ತಮ್ಮ ಅಂಗೈಯನ್ನು ಹರಡಿದರು. ಹೆಬ್ಬೆರಳಿನಿಂದ ಕಿರುಬೆರಳಿಗೆ ಸರಿಯಾಗಿ ಒಂದು ಗೇಣು.

"ಅವತ್ತು ಬೆಳಿಗ್ಗೆ ಪಂದ್ಯ ಇತ್ತು," ಎಂದರು, ಮಗಳ ಕಡೆ ನೋಡದೆ. "ಮುಗಿದ ಮೇಲೆ ಅಳೆದರಾಯ್ತು ಅಂದ್ಕೊಂಡೆ."

ಅವಳು ಪಕ್ಕದಲ್ಲಿ ಕುಳಿತಳು.

"ಆ ಟೇಪು ತಾ," ಎಂದರು ಅಪ್ಪ. "ಹೊಸ ಹಗ್ಗ ಒಂದನ್ನೂ ತಾ. ಬೆಳಕಿರುವಾಗಲೇ ಅಳೆದು ಕಟ್ಟೋಣ. ಮೇಷ್ಟ್ರೇ, ಅಲ್ಲೇ ಯಾಕೆ ನಿಂತ್ರಿ? ಸೊನ್ನೆ ಕಡೆ ಹಿಡ್ಕೊಳ್ಳಿ."