ಬಟ್ಟೆಯ ಮೇಲೆ ಅಣಬೆಯ ನೆರಿಗೆ

ಟಿಣ್, ಟಿಣ್, ಟಿಣ್. ಗೋಡೆಯ ಮೊಳೆಗೆ ನೇತುಹಾಕಿದ ದೊಡ್ಡ ಕತ್ತರಿ ಅಲುಗತೊಡಗಿತು ಎಂದರೆ ಬೆಳಗಾಯಿತು ಎಂದೇ ಅರ್ಥ. ರಾತ್ರಿಯೆಲ್ಲ ಗುಂಡ್ಲುಪೇಟೆಯ ರಸ್ತೆಬದಿಯಲ್ಲಿ ನಿಂತ ಲಾರಿಗಳು ಬಂಡೀಪುರ ಕಾಡಿನ ಗೇಟು ತೆಗೆಯುವ ಹೊತ್ತಿಗೆ ಒಟ್ಟಿಗೆ ಹೊರಡುವಾಗ, ಚಾಂದ್ ಬಿಯ ಪುಟ್ಟ ಟೈಲರ್ ಅಂಗಡಿ ಗಡಗಡ ನಡುಗುತ್ತದೆ.

ಬೇರೆ ದಿನವಾದರೆ ಆ ಸದ್ದಿಗೆ ಎದ್ದು ಚಹಾಕ್ಕೆ ನೀರಿಡುವವಳು. ಇವತ್ತು ನೇರ ಮೇಜಿನ ಬಳಿ ಹೋಗಿ, ಅಲ್ಲಿ ಬೋರಲು ಹಾಕಿದ್ದ ಮೂರು ಸ್ಟೀಲ್ ಬಟ್ಟಲುಗಳ ಎದುರು ನಿಂತಳು. ಎತ್ತಲು ಕೈ ಬರಲಿಲ್ಲ.

ಬಟ್ಟಲ ಕೆಳಗಿದ್ದದ್ದು ಮಲ್ಲಾಜಮ್ಮನ ಮಾನ.

ಮಲ್ಲಾಜಮ್ಮ ತೆರಕಣಾಂಬಿ ಕಡೆಯವಳು. ಮಳೆಗಾಲದಲ್ಲಿ ಹುತ್ತದ ಅಣಬೆ ಕಿತ್ತು ತಂದು ಬಸ್ ಸ್ಟ್ಯಾಂಡಿನಲ್ಲಿ ಮಾರುವುದು ತಾಯಿಯ ಕಾಲದಿಂದ ಬಂದ ಕಸುಬು. ಮೊನ್ನೆ ಅವಳ ಅಣಬೆ ಕೊಂಡ ಶಶಿಕುಮಾರ ಮೇಷ್ಟ್ರ ಮನೆಯಲ್ಲಿ ಮೂವರು ವಾಂತಿ ಮಾಡಿಕೊಂಡು ಆಸ್ಪತ್ರೆಗೆ ಹೋಗಿ ಬಂದರು. ನಿನ್ನೆ ಅವಳ ಬಿದಿರಿನ ಪುಟ್ಟಿಯ ಕಡೆ ಒಬ್ಬರೂ ಬಗ್ಗಿ ನೋಡಲಿಲ್ಲ. ಸಂಜೆ ಅವಳು ಅಂಗಡಿಗೆ ಬಂದು ಆಡಿದ ಮಾತು ಚಾಂದ್ ಬಿಗೆ ಇನ್ನೂ ಚುಚ್ಚುತ್ತಿತ್ತು.

“ನಂಗೇ ನಂಬ್ಕೆ ಬತ್ತಿಲ್ಲ ಚಾಂದಕ್ಕ. ಕಣ್ಣು ಮಂಜಾಗದೆ. ಕೈತಪ್ಪಿ ವಿಷದ ನಾಯಿಕೊಡೆ ಕಿತ್ಬುಟ್ನೇನೋ. ನೀನು ಬಟ್ಟೆ ಮ್ಯಾಲೆ ಮಡಗಿ ನೋಡು. ನಾಳೆ ಮೊದಲ್ನೇ ಬಸ್ಸಿಗೆ ಬತ್ತೀನಿ. ನಂದೇ ತಪ್ಪು ಅಂದ್ರೆ ಇನ್ನು ಪುಟ್ಟಿ ಮುಟ್ಟಕಿಲ್ಲ.”

ಈ ಬಟ್ಟೆಯ ಕೆಲಸ ಶುರುವಾದದ್ದೇ ಒಂದು ಎಡವಟ್ಟಿನಿಂದ. ಹನ್ನೊಂದು ವರ್ಷದ ಹಿಂದೆ, ಮಲ್ಲಾಜಮ್ಮ ಕೊಟ್ಟ ಅಣಬೆಯನ್ನು ಚಾಂದ್ ಬಿ ಯಾರದೋ ಕಪ್ಪು ಬ್ಲೌಸ್ ಪೀಸಿನ ಮೇಲಿಟ್ಟು ಮರೆತಿದ್ದಳು. ಬೆಳಿಗ್ಗೆ ಎತ್ತಿದರೆ ಅಲ್ಲೊಂದು ದುಂಡನೆಯ ಗುರುತು. ಲಂಗದ ನೆರಿಗೆಯಷ್ಟು ಒತ್ತಾಗಿ ನಡುವಿನಿಂದ ಅಂಚಿಗೆ ಹರಿದ ತೆಳು ಗೆರೆಗಳು, ಮಾಸಿದ ಗುಲಾಬಿ ಬಣ್ಣ. ಅಣಬೆ ತನ್ನ ಟೋಪಿಯಡಿಯಿಂದ ಬೀಜದ ಪುಡಿ ಉದುರಿಸಿತ್ತು. ಬೆರಳು ತಾಗಿದ್ದೇ ಅಳಿಸಿಹೋಯಿತು. ಅಷ್ಟು ಚೆಂದದ್ದು ಹೋಯಿತಲ್ಲ ಎಂದು ಎರಡು ದಿನ ಕೊರಗಿದಳು.

ಆಮೇಲಿಂದ ಯಾವ ಅಣಬೆ ಸಿಕ್ಕರೂ ಕಪ್ಪು ಬಿಳಿ ತುಂಡು ಜೋಡಿಸಿದ ಬಟ್ಟೆಯ ಮೇಲಿಟ್ಟು ಬಟ್ಟಲು ಮುಚ್ಚುತ್ತಾಳೆ. ಬಿದ್ದ ಪುಡಿಗೆ ಮ್ಯಾಚಿಂಗ್ ನೂಲು ಹುಡುಕಿ, ಅಳಿಸುವ ಮೊದಲೇ ಗೆರೆಗೆರೆಯನ್ನೂ ಹೊಲಿದು, ಪಕ್ಕದಲ್ಲಿ ಸಿಕ್ಕ ಜಾಗದ ಹೆಸರು ಹಾಕುತ್ತಾಳೆ. ತಿಪ್ಪೆಯ ಮೇಲಿನದಕ್ಕೆ ಇದ್ದಿಲ ಕಪ್ಪು. ಚಂದಕವಾಡಿಯ ಹುಣಸೆ ಬುಡದ ಗಟ್ಟಿ ಅಣಬೆಗೆ ನೆರಿಗೆಯೇ ಇಲ್ಲ, ಸೂಜಿ ಚುಚ್ಚಿದಂಥ ತೂತುಗಳಿಂದ ಬಿದ್ದ ಕಾಫಿಪುಡಿ ಬಣ್ಣ. “ಬಟ್ಟಲೆಲ್ಲ ಅಣಬೆಗೇ ಕೊಟ್ಟರೆ ನಾನು ಸಾರನ್ನ ಅಂಗೈಯಲ್ಲಿ ಕುಡೀಲಾ?” ಎಂದು ಗಂಡ ಗೌಸ್ ಮೊಹಿದ್ದೀನ್ ರೇಗುತ್ತಲೇ ಇರುತ್ತಾನೆ.

ನಿನ್ನೆ ಸಂಜೆಯೇ ಚಾಂದ್ ಬಿ ಮೇಷ್ಟ್ರ ಮನೆಯ ಫ್ರಿಜ್ಜಿನಲ್ಲಿ ಉಳಿದಿದ್ದ ಮೂರು ಅಣಬೆಗಳನ್ನು ಕೇಳಿ ತಂದಿದ್ದಳು. ಈಗ ಒಂದೊಂದೇ ಬಟ್ಟಲು ಎತ್ತಿದಳು. ಮೊದಲನೆಯದು ಗುಲಾಬಿ. ಎರಡನೆಯದೂ ಗುಲಾಬಿ. ಮೂರನೆಯದರಡಿ, ಒಣಗಿದ ಬೇವಿನೆಲೆಯ ಹಸಿರು.

ಪಕ್ಕಕ್ಕಿಟ್ಟಿದ್ದ ತೊಟ್ಟುಗಳನ್ನು ನೋಡಿದಳು. ಎರಡಕ್ಕೆ ಹುತ್ತದಾಳಕ್ಕೆ ಇಳಿದ ಉದ್ದನೆಯ ಬಾಲ. ಮಲ್ಲಾಜಮ್ಮ ಯಾವತ್ತೂ ಬಾಲ ಮುರಿಯದೆ ಕೀಳುವವಳು. ಮೂರನೆಯದಕ್ಕೆ ಬಾಲವಿಲ್ಲ, ಕೊರಳಿಗೊಂದು ಬಳೆಯಂಥ ಸುತ್ತು. ಹಳೆಯ ಬಟ್ಟೆಗಳನ್ನೆಲ್ಲ ಹರಡಿದಳು. ಹನ್ನೊಂದು ವರ್ಷದಲ್ಲಿ ಹಸಿರು ನೂಲಿನವು ನಾಲ್ಕೇ. ಶಾಲೆ ಮೈದಾನ, ಪಾರ್ಕು, ಹೊಸ ಲೇಔಟು, ಮತ್ತೆ ಹೊಸ ಲೇಔಟು. ಎಲ್ಲವೂ ಹುಲ್ಲಿನಲ್ಲಿ ಎದ್ದವು, ಹುತ್ತದ್ದು ಒಂದೂ ಇಲ್ಲ.

ಮೇಷ್ಟ್ರ ಮನೆಯೂ ಹೊಸ ಲೇಔಟಿನಲ್ಲೇ. ಬಟ್ಟೆ ಮಡಚಿಕೊಂಡು ಹೊರಟಳು.

“ಏನ್ ಚಾಂದಮ್ಮ, ಬೆಳಿಗ್ಗೆ ಬೆಳಿಗ್ಗೆ? ಬ್ಲೌಸ್ ಆಯ್ತಾ?” ಮೇಷ್ಟ್ರ ಹೆಂಡತಿ ಶಶಿರೇಖಾ ಬಾಗಿಲಿಗೆ ಬಂದಳು.

“ಬ್ಲೌಸ್ ಅಲ್ಲ ಮೇಡಂ. ಮೈಗೆ ಹೆಂಗಿದೆ?”

“ಗಂಜಿ ಕುಡ್ಕೊಂಡಿದೀವಿ. ಆ ಮುದುಕೀನ ಬಸ್ ಸ್ಟ್ಯಾಂಡಲ್ಲಿ ಕೂರಕ್ಕೇ ಬಿಡಬಾರ್ದು.”

ಚಾಂದ್ ಬಿ ಬಟ್ಟೆ ಬಿಡಿಸಿದಳು. “ಎರಡು ಅವಳವು. ಈ ಹಸಿರಿನದು ಹುಲ್ಲಲ್ಲಿ ಏಳೋದು. ಇದು ಎಲ್ಲಿಂದ ಬಂತು ಮೇಡಂ?”

“ನಂಗೇನ್ ಗೊತ್ತು? ಅವಳ ಪುಟ್ಟಿಯಿಂದ್ಲೇ...”

ಚಾಂದ್ ಬಿಯ ಕಣ್ಣು ಕಾಂಪೌಂಡಿನೊಳಗಿನ ಹುಲ್ಲಿನ ಮೇಲಿತ್ತು. ಅಲ್ಲಿ ಬಿಳಿ ಟೋಪಿಗಳು ಅರ್ಧಚಂದ್ರದ ಹಾಗೆ ಸಾಲುಗಟ್ಟಿದ್ದವು. ನಡುವೆ, ಹಲ್ಲು ಬಿದ್ದ ಬಾಯಿಯಂತೆ, ಕಿತ್ತ ಜಾಗ.

“ಅತ್ತೆ ಬರ್ತಾರೆ, ಸಾರಿಗೆ ಸಾಲಲ್ಲ ಅನ್ನಿಸ್ತು,” ಶಶಿರೇಖಾಳ ದನಿ ತಗ್ಗಿತು. “ನೋಡಕ್ಕೆ ಒಂದೇ ಥರ ಇತ್ತು ಚಾಂದಮ್ಮ.”

“ಮೇಲಿಂದ ನೋಡಿದ್ರೆ ನಂಗೂ ಒಂದೇ. ಅದಕ್ಕೇ ಗೊತ್ತಿಲ್ಲದ್ದನ್ನ ಬಟ್ಟೆ ಮೇಲಿಡ್ತೀನಿ, ಬಾಯಲ್ಲಿ ಇಡಲ್ಲ.”

“ನಮ್ಮನೆಯವ್ರು ಊರಿಗೆಲ್ಲ ಹೇಳ್ಕೊಂಡು ಬಂದಿದಾರೆ. ಈಗ ಮುಖ ತೋರ್ಸೋದು ಹೆಂಗೆ?”

“ಅವಳೂ ನಿನ್ನೆಯಿಂದ ಅದನ್ನೇ ಕೇಳ್ತಿದಾಳೆ ಮೇಡಂ.”

ಶಶಿರೇಖಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. “ಸಂಜೆ ನಾನೇ ಬಸ್ ಸ್ಟ್ಯಾಂಡಿಗೆ ಬರ್ತೀನಿ. ಎಲ್ಲರ ಎದುರಿಗೇ ಅವಳ ಹತ್ರ ಅಣಬೆ ತಗೋತೀನಿ, ಆಯ್ತಾ?”

ಚಾಂದ್ ಬಿ ಬಗ್ಗಿ ಹುಲ್ಲಿನಿಂದ ಒಂದು ಅಣಬೆ ಕಿತ್ತು, ಕಣ್ಣು ಮುಚ್ಚಿ ತೊಟ್ಟು ಸವರಿದಳು. ಕೊರಳ ಬಳೆ ಬೆರಳಿಗೆ ಚೆನ್ನಾಗಿ ಸಿಕ್ಕಿತು. ಮಲ್ಲಾಜಮ್ಮನ ಬೆರಳಿಗೂ ಸಿಗುತ್ತದೆ. ಕಣ್ಣು ಮಂಜಾದರೆ ಆಗಲಿ.

ದೂರದಲ್ಲಿ ತೆರಕಣಾಂಬಿಯ ಬಸ್ಸು ಹಾರನ್ ಹೊಡೆಯಿತು.

“ಅಲ್ಲಾ ಚಾಂದಮ್ಮ, ಇಲ್ಲಿ ಉಳಿದಿರೋದನ್ನೆಲ್ಲ ಏನ್ ಮಾಡ್ಲಿ? ಬಿಸಿನೀರು ಹೊಯ್ದ್ರೆ ಹೋಗುತ್ತಾ, ಇಲ್ಲ ಮಣ್ಣು ಸಮೇತ...”

ಚಾಂದ್ ಬಿ ಆಗಲೇ ಗೇಟು ದಾಟಿದ್ದಳು. ಹೆಗಲ ಮೇಲೆ ಬಟ್ಟೆ, ಬೆರಳ ನಡುವೆ ಅಣಬೆ, ಚಪ್ಪಲಿಯ ಸದ್ದು ಬಸ್ ಸ್ಟ್ಯಾಂಡಿನ ಕಡೆಗೆ.