ಹಾರ ಯಾರ ಕೊರಳಿಗೆ?

ಹಲಸೂರಿನ ಯಶೋಧರಾ ಹನ್ನೆರಡನೇ ವಯಸ್ಸಿಗೆ ಜೂಡೋ ಕಲಿಯತೊಡಗಿದ್ದು ಸೆಲ್ವರಾಜ್ ಮಾಸ್ತರ ಹತ್ತಿರ, ಕೆರೆಯ ಪಕ್ಕದ ಶೆಡ್ಡಿನಲ್ಲಿ, ಹಳೇ ನಾರಿನ ಹಾಸಿಗೆಗಳ ಮೇಲೆ. ಎಂಟು ವರ್ಷ ಬಿದ್ದು ಎದ್ದು, 2001ರಲ್ಲಿ ಭಾರತ ತಂಡದ ಜೊತೆ ಪಂದ್ಯಾವಳಿಗೆಂದು ಬ್ಯಾಂಕಾಕಿಗೆ ಹೊರಟಳು. ಮಾಸ್ತರನ್ನು ಕಳಿಸಲಿಲ್ಲ. ಕೋಚ್ ಎಂದು ವಿಮಾನ ಹತ್ತಿದವನು ಜೂಡೋ ಸಂಘದ ಕಾರ್ಯದರ್ಶಿಯ ಬಾಮೈದ. ಜೂಡೋ ಬೆಲ್ಟ್ ಕಟ್ಟಲೂ ಬಾರದವನು.

ಕಂಚಿನ ಪದಕದ ಸೆಣಸಾಟದ ದಿನ ಅವನು ಅಂಗಡಿ ಸುತ್ತಲು ಹೋಗಿದ್ದ. ಅಂಕಣದ ಪಕ್ಕ ಖಾಲಿ ಬಿದ್ದ ಕೋಚ್ ಕುರ್ಚಿ ನೋಡಿ ಯಶೋಧರಾಳ ಮೈ ಉರಿಯಿತು. ಆ ಉರಿಯಲ್ಲೇ ಎದುರಾಳಿಯನ್ನು ಸೊಂಟದ ಮೇಲೆ ಎತ್ತಿ ಒಗೆದು ಗೆದ್ದಳು.

ವಾಪಸ್ಸು ಬಂದ ಮೇಲೆ ಇಂದಿರಾನಗರದಲ್ಲಿ ಸಂಘದ ಸನ್ಮಾನ ನಡೆಯಿತು. ಮೊದಲ ಹಾರ ಬಾಮೈದನಿಗೆ, ಕೊನೆಯದು ಯಶೋಧರಾಗೆ. ಅವಳು ಮೈಕ್ ಹಿಡಿದಳು.

"ಪಂದ್ಯದ ದಿನ ಇವ್ರು ಎಲ್ಲಿದ್ರು ಅಂತ ಕೇಳ್ರೀ. ನಂಗೆ ಕಲಿಸಿದೋರು ಅಲ್ಲಿ ಹಿಂದೆ ಕೂತಿದಾರೆ."

"ಏಯ್, ಇಳಿಯಮ್ಮಾ ಕೆಳಗೆ!" ಕಾರ್ಯದರ್ಶಿ ಗದರಿದ.

ಇಳಿದವಳು ನೇರ ಹೋಗಿ ತನ್ನ ಹಾರವನ್ನು ಮಾಸ್ತರ ಕೊರಳಿಗೆ ಹಾಕಿದಳು.

"ನಿನ್ ಆಟ ಹಾಳ್ಮಾಡ್ಕೊಂಡ್ಯಲ್ಲಮ್ಮಾ" ಎಂದು ಅವರು ಕಣ್ಣೊರೆಸಿಕೊಂಡರು.

ಹಾಗೇ ಆಯಿತು. ಮುಂದಿನ ತಂಡದ ಆಯ್ಕೆಯಲ್ಲಿ ನಾಲ್ಕು ಸೆಣಸಾಟಗಳನ್ನೂ ಗೆದ್ದಳು. ಪಟ್ಟಿಯಲ್ಲಿದ್ದದ್ದು ಅವಳ ಕೈಲಿ ಸೋತ ಹುಡುಗಿಯ ಹೆಸರು. ಯಶೋಧರಾಗೆ ಶಿಸ್ತಿಲ್ಲವಂತೆ! ಮರುವರ್ಷವೂ ಅದೇ ಕತೆ.

ಆಮೇಲೆ ಅವಳು ಕೆ.ಆರ್. ಪುರದ ಶಾಲೆಯೊಂದರಲ್ಲಿ ಹುಡುಗಿಯರಿಗೆ ಜೂಡೋ ಕಲಿಸತೊಡಗಿದಳು. "ಒಂದ್ ಕ್ಷಮೆ ಕೇಳಿದ್ರೆ ಆಗ್ತಿತ್ತಲ್ಲ" ಎಂದು ಯಾರಾದರೂ ಅಂದರೆ ಮುಖ ಕೆಂಪಾಗುತ್ತಿತ್ತು.

"ನಾನ್ ಹೇಳಿದ್ರಲ್ಲಿ ಸುಳ್ಳು ಯಾವ್ದು ತೋರ್ಸಿ. ಅದಕ್ಕೆ ಕ್ಷಮೆ ಕೇಳ್ತೀನಿ."