ಬೀಗತಿಯನ್ನು ಗೆಲ್ಲದ ದೊಡ್ಡವ್ವ

ದೊಡ್ಡವ್ವನ ಬಲಗೈ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಹೊಳೆಯ ಕಲ್ಲಿನ ಹಾಗೆ ನುಣ್ಣಗಿದ್ದವು. ನಮ್ಮ ಬನಹಟ್ಟಿಯ ಮಗ್ಗಗಳಲ್ಲಿ ಉದ್ದೆಳೆಗಳ ಹಳೆಯ ಹಾಸು ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಎಳೆಯನ್ನು ಹೊಸೆದು ಕೂಡಿಸಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಒಂದೊಂದು ಹಾಸಿನಲ್ಲೂ ಸಾವಿರಾರು ಎಳೆ. ಬೆರಳಿಗೆ ಬೂದಿ ಹಚ್ಚಿಕೊಂಡು ಆಯುಷ್ಯವೆಲ್ಲ ಎಳೆ ಹೊಸೆದ ದೊಡ್ಡವ್ವ ತನ್ನ ಬೆರಳಚ್ಚನ್ನೇ ತೇಯ್ದುಕೊಂಡಿದ್ದಳು. ರೇಶನ್ ಅಂಗಡಿಯ ಯಂತ್ರ ಅವಳನ್ನು ಅವಳೆಂದು ಒಪ್ಪುತ್ತಿರಲಿಲ್ಲ. "ನಿನಗ ನನ್ನ ಗುರ್ತೈತಿ, ನಿನ್ನ ಡಬ್ಬಿಗೆ ಇಲ್ಲ. ಅದಕ್ಕ ಒಂದೀಟು ನೀನರ ತಿಳಿಸಿ ಹೇಳೋ" ಎಂದು ಅಂಗಡಿಯವನ ಮೇಲೆ ರೇಗುತ್ತಿದ್ದಳು.

ದೊಡ್ಡವ್ವ ನಮಗೆ ಸಂಬಂಧಿಯಲ್ಲ, ಗೋಡೆಗೆ ಗೋಡೆ ಹತ್ತಿದ ಮನೆಯವಳು. ಅವ್ವ ಅವಳನ್ನು ಅಕ್ಕ ಎನ್ನುತ್ತಿದ್ದಳು, ಹೀಗಾಗಿ ನನಗೆ ದೊಡ್ಡವ್ವ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಸಾಕಿ, ಮುಧೋಳಕ್ಕೆ ಮದುವೆ ಮಾಡಿಕೊಟ್ಟಿದ್ದಳು. ಅವಳ ಬಗ್ಗೆ ಬರೆಯಲು ಕೂತಾಗ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಅವಳು ಹೇಳಿದ್ದೆಷ್ಟು, ಆಮೇಲೆ ನಾನು ಚಂದ ಮಾಡಿಕೊಂಡದ್ದೆಷ್ಟು? ಖಾತ್ರಿಗೆಂದು ದಿನಚರಿ ತೆರೆದರೆ, ನನ್ನ ಬದುಕಿನ ದೊಡ್ಡ ದಿನಗಳಲ್ಲೊಂದರ ಪುಟದಲ್ಲಿ "ಸೆಕೆ. ಹೊಟ್ಟೆ ಸರಿ ಇಲ್ಲ" ಎಂದಷ್ಟೇ ಇದೆ.

ಒಂದು ಮಾತ್ರ ಖರೆ. ಟ್ಯಾಬಿನ ಆ ಆಟವನ್ನು ಅವಳಿಗೆ ಹಚ್ಚಿಕೊಟ್ಟವನು ನಾನೇ.

ಆಗ ನಾನು ಜಮಖಂಡಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ರಜೆಯಲ್ಲಿ ಅತಿಥಿಗೆ ಕೆಲಸವಿರುವುದಿಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ದೊಡ್ಡವ್ವನ ಕಟ್ಟೆಯ ಮೇಲೆ ಗಾಳಿ ಚೆನ್ನಾಗಿ ಬರುತ್ತಿತ್ತು. ಅಲ್ಲಿ ಕುಳಿತು ಟ್ಯಾಬಿನಲ್ಲಿ ಆಡುತ್ತಿದ್ದೆ. ಅದು ಎಲೆಯಾಟ, ಆದರೆ ಇಸ್ಪೀಟಲ್ಲ. ಹತ್ತು ಸಾದಾ ಎಲೆ ಹಿಡಿದು ಒಂದು ಗವಿಗೆ ಇಳಿಯಬೇಕು. ಕೋಣೆ ಕೋಣೆಗೂ ಒಂದು ಭೂತ. ಗೆದ್ದಾಗಲೆಲ್ಲ ಮೂರು ಹೊಸ ಎಲೆ ತೋರಿಸುತ್ತಾರೆ, ಒಂದನ್ನು ಆರಿಸಿ ಕಟ್ಟಿಗೆ ಸೇರಿಸಿಕೊಳ್ಳಬಹುದು. ಎಲ್ಲಿ ಸತ್ತರೂ ಮತ್ತೆ ಮೊದಲ ಕೋಣೆಯಿಂದ, ಅದೇ ಹತ್ತು ಸಾದಾ ಎಲೆಯಿಂದ ಶುರು. ನಾನು ಅಂದು ಐದನೆಯದೋ ಆರನೆಯದೋ ಸಲ ಸತ್ತು, ಆಟಕ್ಕೆ ಕೆಟ್ಟ ಮಾತೊಂದನ್ನು ಅಂದೆ.

ಬೆನ್ನ ಹಿಂದಿನಿಂದ ದನಿ ಬಂತು. "ಎಲಿ ಆಡಾಕ ಎಂ.ಎ. ಮಾಡಿದೇನ್ಲೇ?"

"ಇದು ಬ್ಯಾರೆ ದೊಡ್ಡವ್ವ. ಬಾಳ ಕಠಿಣ ಐತಿ."

"ಕಾಣಾಕತ್ತೇತಿ ಬಿಡು. ಕೊಟ್ಟ ಎಲಿ ಎಲ್ಲಾ ಯಾಕ ತಗೊಳ್ಳಾಕತ್ತಿ? ಬ್ಯಾಡ ಅನ್ನಾಕ ಬರೂದಿಲ್ಲೇನು ಅದರಾಗ?"

ಬರುತ್ತಿತ್ತು. ಮೂಲೆಯಲ್ಲಿ ಅದಕ್ಕೊಂದು ಗುಂಡಿಯೇ ಇತ್ತು. ನಾನದನ್ನು ಒಮ್ಮೆಯೂ ಒತ್ತಿರಲಿಲ್ಲ. ಪುಕ್ಕಟೆ ಸಿಕ್ಕದ್ದನ್ನು ಬಿಡುವುದು ಹೇಗೆ?

"ಎಳಿ ಹೆಚ್ಚಾತಂದ್ರ ಬಟ್ಟಿ ದಪ್ಪ ಆಗೂದಿಲ್ಲ, ಮಗ್ಗ ನಿಲ್ತೈತಿ" ಎಂದಳು ದೊಡ್ಡವ್ವ. ನಾನು ಸುಮ್ಮನೆ ಟ್ಯಾಬನ್ನು ಅವಳ ಕೈಗೆ ಕೊಟ್ಟೆ.

ಗಾಜಿಗೂ ಅವಳ ಬೆರಳ ಗುರುತು ಹತ್ತಲಿಲ್ಲ. ಬಟ್ಟಲಲ್ಲಿ ನೀರಿಟ್ಟುಕೊಂಡು ಬೆರಳು ಅದ್ದಿ ಅದ್ದಿ ಆಡಿದಳು. ಎಲೆಗಳ ಮೇಲಿನ ಇಂಗ್ಲಿಷನ್ನು ನಾನು ಎರಡು ದಿನ ಓದಿ ಹೇಳಿದೆ. ಮೂರನೆಯ ದಿನಕ್ಕೆ ಅವಳಿಗೆ ಚಿತ್ರಗಳೇ ಸಾಕಾದವು, ನನ್ನ ಓದು ಬೇಡವಾಯಿತು. ಅಷ್ಟರಲ್ಲಿ ದೊಡ್ಡ ಮಗ್ಗದವರು ಕೆಚ್ಚಲು ಯಂತ್ರ ತರಿಸಿದ್ದರು. ಅವಳಿಗೆ ವಾರಕ್ಕೆ ಎರಡು ದಿನ ಕೆಲಸ ಸಿಕ್ಕರೆ ಹೆಚ್ಚು. ಉಳಿದ ದಿನ ಗವಿಯಲ್ಲಿರುತ್ತಿದ್ದಳು.

ಭೂತಗಳಿಗೆಲ್ಲ ಅವಳೇ ಹೆಸರಿಟ್ಟಳು. ಅಂಟುವ ಹಸಿರು ಮುದ್ದೆ "ಲೋಳಿ". ಪ್ರತಿ ಸರತಿಗೂ ಒಂದು ಎಲೆ ಕದಿಯುವವನು "ಡ್ರೈವರ", ನೂಲಿನ ಲಾರಿಯವನ ನೆನಪಿಗೆ. ಕೊನೆಯ ಕೋಣೆಯಲ್ಲಿ ಎಂಟು ಕೈಯ ಮುದುಕಿಯೊಬ್ಬಳು ಕೂತಿರುತ್ತಾಳೆ. ನಾವು ಎಸೆಯುವ ಪ್ರತಿ ಎಲೆಗೂ ಅವಳ ಬಲ ಹೆಚ್ಚುತ್ತದೆ. ಅವಳನ್ನು ಮೊದಲ ಸಲ ನೋಡಿದ ದೊಡ್ಡವ್ವ ತುಸು ಬಗ್ಗಿ ನೋಡಿ, "ಅಯ್ಯ, ಬೀಗತಿ!" ಎಂದಳು. ಮಗಳ ಅತ್ತೆ, ಮುಧೋಳದವರು. "ಮಾತಿಗೆ ಮಾತು ಕೊಟ್ಟಷ್ಟೂ ಹಿಗ್ಗತಾಳ. ಬಾಯಿ ಮುಚಗೊಂಡು, ಒಂದ ಮಾತು ಸರಿಯಾಗಿ ಹೇಳಿ ಕುಂಡ್ರಬೇಕು."

ಆ ಆಟಕ್ಕೆ ಇಂಟರ್ನೆಟ್ಟಿನಲ್ಲೊಂದು ಜಾಗವಿದೆ. ಲೋಕದ ಆಟಗಾರರೆಲ್ಲ ತಮ್ಮ ಅಭಿಪ್ರಾಯವನ್ನು ಅಲ್ಲಿ ಬರೆಯುತ್ತಾರೆ. ನಾನು ಕಟ್ಟೆಯ ಮೇಲೆ ಅದನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ದೊಡ್ಡವ್ವ ಕಾಯಿಪಲ್ಯೆ ಸೋಸುತ್ತ ಒಬ್ಬೊಬ್ಬರಿಗೂ ತೀರ್ಪು ಕೊಡುತ್ತಿದ್ದಳು.

"ಒಬ್ಬಾಂವ ಇದು ಆಟ ಅಲ್ಲ, ಶಿಕ್ಷಾ ಅಂತಾನ."

"ಯಾವ ಊರಾಂವ?"

"ಜರ್ಮನಿ."

"ಮನ್ಯಾಗ ಏನೋ ಜಗಳಾ ಆಗೇತಿ. ಮುಂದಿಂದ ಓದು."

"ಇನ್ನೊಬ್ಬಾಂವ ಎಲ್ಲಾ ಹಣೆಬಾರ, ಛಲೋ ಎಲಿ ಬರೂದ ಇಲ್ಲ ಅಂತಾನ. ಬ್ರೆಝಿಲ್."

"ನಿನ್ನಂಗ ಸಿಕ್ಕದ್ದೆಲ್ಲಾ ಬಳಕೊಂಡಾನ. ಬಂದ ಎಲಿಗೆ ಬೈಬ್ಯಾಡಪಾ, ತಗೊಂಡ ಕೈಗೆ ಬೈ ಅಂತ ಬರಿ ಅವಗ."

ನಾನು ಬರೆದೆ. ಆ ಮನುಷ್ಯ ಕೈ ಮುಗಿದ ಚಿತ್ರವೊಂದನ್ನು ಕಳಿಸಿದ. ದೊಡ್ಡವ್ವನಿಗೆ ಅದು ಬಹಳ ಸೇರಿತು. "ಸಂಸ್ಕಾರ ಐತಿ ಹುಡುಗಗ" ಎಂದಳು.

ತಪ್ಪು ನಡೆದದ್ದು ಇಲ್ಲಿಯೇ. ಒಂದು ದಿನ ಹುರುಪಿಗೆ ಬಿದ್ದು, ಅವಳ ಮಾತುಗಳನ್ನೆಲ್ಲ ಕೂಡಿಸಿ, "ಬನಹಟ್ಟಿಯ ದೊಡ್ಡವ್ವ ಹೇಳುವಂತೆ ಈ ಆಟ ಆಡುವ ಬಗೆ" ಎಂದು ಕನ್ನಡದಲ್ಲಿ ಉದ್ದನೆಯ ಅಭಿಪ್ರಾಯ ಬರೆದು ಅಲ್ಲಿ ಹಾಕಿದೆ. ಬೀಗತಿಯ ಮೇಲಿನ ಮಾತುಗಳನ್ನು ಒಂದಕ್ಷರವೂ ಬಿಡಲಿಲ್ಲ, ಮುಧೋಳದ ಹೆಸರನ್ನೂ ಬಿಡಲಿಲ್ಲ. ಸಾವಿರಾರು ಅಭಿಪ್ರಾಯಗಳ ನಡುವೆ ಕನ್ನಡದ್ದು ಅದೊಂದೇ. ಯಾರು ಓದುತ್ತಾರೆ ಎಂಬ ಧೈರ್ಯ. ಕನ್ನಡದಲ್ಲಿ ಬರೆಯುವವರಿಗೆಲ್ಲ ಈ ಧೈರ್ಯ ಸ್ವಲ್ಪ ಇರುತ್ತದೆ.

ಬೀಗತಿಯ ಕಿರಿಯ ಮಗ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾನೆ. ಅವನೂ ಅದೇ ಆಟದಲ್ಲಿ ಸಾಯುತ್ತಿದ್ದನಂತೆ. ಲೋಕದಲ್ಲಿ ಯಾರಾದರೂ ದಾರಿ ತೋರಿಸಿದ್ದಾರೆಯೇ ಎಂದು ಹುಡುಕುತ್ತ ಹೋದವನಿಗೆ ತನ್ನ ತಾಯಿಯೇ ಸಿಕ್ಕಳು. ಊಟದ ಹೊತ್ತಿಗೆ ಎಲ್ಲರ ಮುಂದೆ ಗಟ್ಟಿಯಾಗಿ ಓದಿದನಂತೆ. ನಗಬಹುದು ಎಂದುಕೊಂಡಿದ್ದನಂತೆ.

ದೊಡ್ಡವ್ವನ ಮಗಳು ಆಗ ಏಳು ತಿಂಗಳ ಬಸುರಿ. ಮುಧೋಳದಲ್ಲಿ ಕುಬಸ, ಅಂದರೆ ಸೀಮಂತ, ಆಗಿತ್ತು. ಮುಂದಿನ ವಾರ ತವರಿಗೆ ಕರೆತರುವುದಿತ್ತು. ಚೊಚ್ಚಲ ಬಾಣಂತನ ತವರಿನದು, ಅದು ನಮ್ಮ ಕಡೆಯ ರೂಢಿ. ದೊಡ್ಡವ್ವ ಬಾಣಂತಿಯ ಉಂಡೆಗೆಂದು ಅಳವಿ ಬೀಜ ಆರಿಸಿ ಡಬ್ಬಿ ತುಂಬಿದ್ದಳು, ಅಂಟು ತರಿಸಿದ್ದಳು, ಒಳಗಿನ ಕೋಣೆಗೆ ಸುಣ್ಣ ಹಚ್ಚಿಸಿದ್ದಳು. ಫೋನು ಬಂತು. ಬೀಗತಿ ಒಂದೇ ಮಾತು ಹೇಳಿದರು: "ಕರಕೊಂಡು ಹೋಗಾಕ ಬರಬ್ಯಾಡ್ರಿ. ಬಾಣಂತನ ಇಲ್ಲೇ ಆಕ್ಕೇತಿ. ಎಂಟ ಕೈಯ ರಾಕ್ಷಸಿ ಮನಿ, ಸುಸೂತ್ರ ಆಕ್ಕೇತಿ."

ದೊಡ್ಡವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಸುಣ್ಣದ ಕೋಣೆಯ ಬಾಗಿಲು ಎಳೆದುಕೊಂಡು, ಕಟ್ಟೆಯ ಮೇಲೆ ಬಂದು ಕೂತು, "ಒಂದ ಮಗಳಲೇ ನನಗ" ಎಂದಳು.

ಮರುದಿನ ಇಬ್ಬರೂ ಮುಧೋಳದ ಬಸ್ಸು ಹತ್ತಿದೆವು. ದಾರಿಯಲ್ಲಿ ನಾನು ಕ್ಷಮೆ ಕೇಳುವ ಭಾಷಣ ತಯಾರಿಸಿಕೊಂಡೆ. ಸಾಹಿತ್ಯದಲ್ಲಿ ಹೋಲಿಕೆಯ ಸ್ಥಾನ, ಹಾಸ್ಯಕ್ಕೂ ನಿಂದೆಗೂ ಇರುವ ಅಂತರ, ಹೀಗೆ. ಮೊದಲೆರಡು ವಾಕ್ಯ ಕೇಳಿಯೇ ದೊಡ್ಡವ್ವ ತಡೆದಳು. "ನೀ ಬಾಯಿ ತೆರೀಬ್ಯಾಡ. ಟ್ಯಾಬ ತಂದೀಯಿಲ್ಲೋ? ಚಾರ್ಜ ಐತೇನು?"

ಬೀಗತಿ ನಡುಮನೆಯ ಕುರ್ಚಿಯಲ್ಲಿ ಕೂತಿದ್ದರು. ನೀರು ಬಂತು, ಚಹಾ ಬರಲಿಲ್ಲ. ಮಗಳು ಅಡುಗೆಮನೆಯ ಬಾಗಿಲಲ್ಲಿ ಹೊಟ್ಟೆ ಹಿಡಿದು ನಿಂತಿದ್ದಳು.

"ನಾ ಎಂಟ ಕೈಯಾಕಿ ಏನ್ರಿ ಬೀಗತ್ಯಾರ?" ಎಂದರು ಬೀಗತಿ.

"ಹೌದ್ರಿ, ಅಂದೇನಿ" ಎಂದಳು ದೊಡ್ಡವ್ವ. "ಒಂದ ವರ್ಷ ಆಗಾಕ ಬಂತು, ಆಕೀನ್ನ ಗೆದಿಯಾಕ ಆಗಿಲ್ಲ ನನಗ. ಅಂಥಾಕಿಗೆ ಮತ್ಯಾರ ಹೆಸರ ಇಡ್ಲಿ? ನನ್ನ ಹೆಸರ ಇಟ್ಟಿದ್ರ ಮದಲನೇ ದಿನಾನ ಸಾಯತಿದ್ಲು."

ಬೀಗತಿ ನನ್ನ ಕೈಯ ಟ್ಯಾಬಿನ ಕಡೆ ನೋಡಿದರು. ಆಮೇಲೆ, "ತೋರಸ್ರಿ ನೋಡೂಣು" ಎಂದರು.

ದೊಡ್ಡವ್ವ ನೀರಿನ ಬಟ್ಟಲಿಟ್ಟುಕೊಂಡು ನೆಲದ ಮೇಲೆ ಕೂತು ಮೊದಲ ಕೋಣೆಯಿಂದ ಆಡಿದಳು. ಹೇಳುತ್ತಲೇ ಆಡಿದಳು. ಬೀಗತಿ ಮೊದಲು ಕುರ್ಚಿಯಿಂದ ಬಾಗಿ ನೋಡಿದರು, ಆಮೇಲೆ ಕುರ್ಚಿಯ ತುದಿಗೆ ಬಂದರು, ಡ್ರೈವರ ಎಲೆ ಕದಿಯುವ ಹೊತ್ತಿಗೆ ನೆಲಕ್ಕೇ ಇಳಿದಿದ್ದರು. "ಭಾಡ್ಯಾ!" ಎಂದು ಅವನಿಗೆ ಬೈದರು. ಯಾವಾಗಲೋ ಚಹಾವೂ ಬಂತು. "ಈ ಕೊಡ್ಲಿ ಎಲಿ ನೋಡ್ರಿ" ಎಂದು ದೊಡ್ಡವ್ವ ಒಂದು ಕೆಂಪು ಎಲೆ ತೋರಿಸಿದಳು. "ಕಡೀಕ ಇದು ಕೈಯಾಗಿತ್ತಂದ್ರ ಮುದುಕಿ ಸತ್ಲಂತ ತಿಳೀರಿ."

ಕೊನೆಯ ಕೋಣೆಗೆ ಬಂದಳು. ಎಂಟು ಕೈಯವಳನ್ನು ಕಂಡು ಬೀಗತಿ, "ಮೂಗುತಿ ಛಲೋ ಐತ್ರಿ" ಎಂದರು. ದೊಡ್ಡವ್ವ ಒಂದೊಂದೇ ಎಲೆ ಎಸೆದು, ಕಾಯ್ದು, ಮುದುಕಿಯನ್ನು ತೀರ ಬಡವಾಗಿಸಿದಳು. ಅವಳನ್ನು ಆ ಸ್ಥಿತಿಗೆ ತಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮುಂದಿನ ಸರತಿಗೆ ಐದು ಎಲೆ ಬಂದವು. ಅವುಗಳಲ್ಲಿ ಕೊಡಲಿಯಿತ್ತು. ಇತ್ತು ಎಂದೇ ನನ್ನ ನೆನಪು.

ದೊಡ್ಡವ್ವ ಬಟ್ಟಲಲ್ಲಿ ಬೆರಳು ಅದ್ದಿದಳು. ಸ್ವಲ್ಪ ತಡೆದಳು. ಏನೂ ಎಸೆಯದೆ ಸರತಿ ಬಿಟ್ಟಳು. ಮುದುಕಿ ಎಂಟೂ ಕೈ ಎತ್ತಿ ಹೊಡೆದಳು. ಆಟ ಮುಗಿಯಿತು.

"ಆತು" ಎಂದಳು ದೊಡ್ಡವ್ವ. "ಇವತ್ತೂ ಆಗಲಿಲ್ಲ."

ಬೀಗತಿ ಟ್ಯಾಬನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಸೊಸೆಗೆ, "ಬಟ್ಟಿ ಅರಬಿ ಕಟಗೋ. ಬಸ್ಸು ತಪ್ಪತೈತಿ" ಎಂದರು. ನನ್ನ ಕಡೆ ತಿರುಗಿ, "ನೀ ಆ ಬರದದ್ದ ತಗಿ. ಈಗ, ನನ್ನ ಮುಂದ" ಎಂದರು. ತೆಗೆದೆ. ಕರಡನ್ನೂ ಅಳಿಸಿಸಿದರು. ಮಾಸ್ತರನ್ನು ನಂಬಬಾರದೆಂದು ಅವರಿಗೆ ಗೊತ್ತಿತ್ತು.

ಬಸ್ಸಿನಲ್ಲಿ ಮಗಳು ತಾಯಿಯ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ನಾನು ಮೆಲ್ಲಗೆ ಕೇಳಿದೆ, "ದೊಡ್ಡವ್ವ, ಕೊಡ್ಲಿ ಕೈಯಾಗ ಇತ್ತಲ್ಲಾ?"

"ಇತ್ತೇನು? ಕಣ್ಣ ಕಾಣವಲ್ವು ಈಗೀಗ." ಮತ್ತೆ ಎಷ್ಟು ಸಲ ಕೇಳಿದರೂ ಇದೇ ಉತ್ತರ. ಸೂಜಿಗೆ ದಾರ ಮಾತ್ರ ಕನ್ನಡಕವಿಲ್ಲದೆ ಪೋಣಿಸುತ್ತಿದ್ದಳು.

ಮೊಮ್ಮಗಳು ಸುಣ್ಣ ಹಚ್ಚಿದ ಕೋಣೆಯಲ್ಲೇ ಅಂಬೆಗಾಲಿಟ್ಟಳು. ಎರಡು ವರ್ಷದ ಮೇಲೆ, ಒಂದು ಬೆಳಿಗ್ಗೆ ಚಹಾ ಸೋಸುತ್ತಿದ್ದ ದೊಡ್ಡವ್ವ ಅಲ್ಲಿಯೇ ಕುಸಿದಳು. ಜಮಖಂಡಿ ಆಸ್ಪತ್ರೆ ಮುಟ್ಟುವವರೆಗೂ ಜೀವ ಉಳಿಯಲಿಲ್ಲ. ಅವಳ ಬಗ್ಗೆ ಬರೆಯಬೇಕು ಎಂದು ಕೂತಾಗ ನನಗೆ ಹೊಳೆದದ್ದು ಇದು: ಅವಳ ಮಾತುಗಳನ್ನು ಇದ್ದದ್ದು ಇದ್ದಂತೆ ಬರೆದಿಟ್ಟದ್ದು ಆ ಒಂದೇ ಅಭಿಪ್ರಾಯದಲ್ಲಿ. ಅದನ್ನು ನನ್ನ ಕೈಯಾರೆ ಅಳಿಸಿದ್ದೆ.

ಐದನೆಯ ದಿನ ಬೀಗತಿ ಬಂದರು. ಅತ್ತು ಮುಗಿಸಿ ದೊಡ್ಡವ್ವನ ಕಟ್ಟೆಯ ಮೇಲೆ ನನ್ನ ಹತ್ತಿರ ಕೂತರು. ನಾನು ನನ್ನ ಸಂಕಟ ಹೇಳಿಕೊಂಡೆ.

"ನೀ ಅಳಸಿದಿ. ನನ್ನ ತಲಿಯಾಗಿಂದ ನಾ ಅಳಸಬೇಕಲ್ಲಾ?" ಎಂದವರೇ ಶುರು ಮಾಡಿದರು. ಎಳೆಯ ಮಾತು, ಬ್ರೆಝಿಲ್‌ನವನಿಗೆ ಹೇಳಿದ್ದು, ಲೋಳಿ, ಡ್ರೈವರ, ಮಾತಿಗೆ ಮಾತು ಕೊಟ್ಟಷ್ಟೂ ಹಿಗ್ಗುವ ಬೀಗತಿ. ಒಂದಕ್ಷರ ತಪ್ಪಲಿಲ್ಲ. ನಾನು ಪೂರ್ತಿ ಮರೆತಿದ್ದವೂ ಇದ್ದವು. ಮೇಲೆ ಬರೆದದ್ದರಲ್ಲಿ ದೊಡ್ಡವ್ವನ ಮಾತು ಎಲ್ಲಿ ಸರಿಯಾಗಿದೆಯೋ ಅಲ್ಲೆಲ್ಲ ಬೀಗತಿಯ ಋಣವಿದೆ. "ಬೈಸಿಕೊಂಡದ್ದು ಮರೀತಾರೇನಪಾ ಯಾರರ?" ಎಂದು ಮೂಗು ಒರೆಸಿಕೊಂಡರು.

ಆಮೇಲೆ, "ಆವತ್ತ ಕೊಡ್ಲಿ ಇತ್ತು. ನಾನೂ ನೋಡಿದ್ನಿ" ಎಂದರು. "ನಾ ಗೆದ್ದೆ ಅಂತ ಹುಡುಗೀನ್ನ ಕಳಿಸಿದೆ ಅಂತ ತಿಳಕೊಂಡೀಯೇನು? ಒಂದ ವರ್ಷ ಗುದ್ದಾಡಿ, ಕೈಯಾಗ ಎಲಿ ಇಟಗೊಂಡು ಸೋತ್ಲಲ್ಲ, ಅದಕ್ಕ ಕಳಿಸಿದ್ನಿ."

ನಾನು ಮನೆಗೆ ಹೋಗಿ ಟ್ಯಾಬು ತಂದೆ.

"ಆ ಆಟ ಇನ್ನೂ ಐತೇನು?" ಎಂದು ಅವರೇ ಕೇಳಿದರು. "ಹಚ್ಚು. ಆಕಿ ಎಲ್ಲಿಗೆ ಬಿಟ್ಟಾಳ, ಅಲ್ಲಿಂದ ನಾ ಆಡತೇನಿ."

"ಹಂಗ ಬರೂದಿಲ್ರಿ. ಸತ್ತ ಮ್ಯಾಲೆ ಮದಲಿಂದನ ಶುರು ಮಾಡಬೇಕು."

"ಮದಲಿಂದ?" ಬೀಗತಿ ದೊಡ್ಡವ್ವನ ಮನೆಯ ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿದರು. "ಇದ್ಯಾವ ಸುಡಗಾಡ ಆಟೋ ಏನೋ" ಎನ್ನುತ್ತ ಟ್ಯಾಬಿಗೆ ಕೈ ಚಾಚಿದರು.